ಒಂದು ಪಾವು ಹೆಚ್ಚಿಗೆ

ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಶನಿವಾರ ಬೆಳಗಿನ ಐದು ಗಂಟೆ.
ಮಂಜು ಕುಡಿದ ಅವರೆ ಮೂಟೆ ಬಿಚ್ಚುವ ಹೊತ್ತಿಗೆ
ನಾನು ಹಾಜರು. ಒಂದು ಕಾಯಿ ಮುರಿದು ಮೂಸುತ್ತೇನೆ.
ಸೊಗಡು ಬೆರಳಿಗೆ ಅಂಟಬೇಕು, ಇಲ್ಲದಿದ್ದರೆ ಮುಂದಿನ ಮೂಟೆ.
"ಇಷ್ಟೊಂದಾ? ಮದುವೆಯೇನಕ್ಕ?" ಅನ್ನುತ್ತಾನೆ ಚಾಂದ್‌ಪಾಷ.
ಅಲ್ಲಪ್ಪ. ನಾಳೆ ನಮ್ಮನೆ ಹಿತುಕೋ ಭಾನುವಾರ.

ಪಿಳ್ಳಜ್ಜಿ ಶುರುಮಾಡಿದ್ದು, ಯಾವ ದೇವರ ಹರಕೆಯೂ ಅಲ್ಲ.
ಮನೆ ತುಂಬ ಜನ, ಹಿತುಕಲು ಅವಳೊಬ್ಬಳು;
ಹೆಬ್ಬೆರಳು ನೆನೆದು ನೆನೆದು ಬಿಳಿಚಿಕೊಂಡು
ಒಂದು ಪುಷ್ಯಮಾಸ ರೇಗಿ ಕಾಗದ ಹಾಕಿಸಿದಳಂತೆ:
"ತಿನ್ನೋಕೆ ಬರೋರೆಲ್ಲ ಹಿತುಕೋಕೂ ಬರ್ರಿ."
ಬಂದರು.
ಬೈದು ಕರೆದದ್ದಕ್ಕೇ ಇರಬೇಕು, ಬರುತ್ತಲೇ ಇದ್ದಾರೆ.

ಅಕ್ಷರ ಬರದವಳಿಗೆ ಲೆಕ್ಕ ಬರುತ್ತಿತ್ತು:
ತಲೆಗೆ ಅರ್ಧ ಪಾವು ಕಾಳು, ಮೇಲೊಂದು ಪಾವು.
ಮೇಲಿನದು ಯಾರಿಗೆ? "ಬರೋರಿಗೆ."
ಬರೋರು ಯಾರು? "ಬಂದಾಗ ನೋಡ್ತೀಯ, ಸುಲಿ."

ರೇಷ್ಮೆಗೂಡಿನ ಹಳೇ ಲೆಕ್ಕದ ಪುಸ್ತಕ, ತಿರುವಿ ಹಾಕಿ
ಹಿಂದಿನ ಪುಟದಿಂದ ಬರೆದುಕೊಂಡು ಬಂದಿದ್ದಾನೆ ನನ್ನ ಚಿಕ್ಕಪ್ಪ.
*ಎಂಬತ್ತೊಂದು. ಐದು ಸೇರು. ನಾರೇಮಣಿ ಹೊಸ ಗಂಡನ ಜೊತೆ.
ಅವನಿಗೆ ಹಿತುಕೋಕೆ ಬರಲ್ಲ.*
*ಎಂಬತ್ತೆರಡು. ಐದೂವರೆ. ಕಲಿತ.*
*ತೊಂಬತ್ತಾರು. ಕಾಳಲ್ಲಿ ಹುಳ. ಬೈಕೊಂಡೇ ತಿಂದರು.
ಮೀಟರ್ ಓದೋನಿಗೂ ಬಡಿಸಿದ್ದು.*
ಆಮೇಲೆ ನನ್ನ ಕೈಬರಹ:
*ಇಪ್ಪತ್ತೊಂದು. ಎರಡು ಪಾವು. ನಾನು, ಅಣ್ಣ.*
ಎಲ್ಲರೂ ಫೋನು ಒರಗಿಸಿಟ್ಟು ಅವರವರ ಮನೆಯಲ್ಲಿ ಹಿತುಕಿದ ವರ್ಷ.
ಇಬ್ಬರಿಗೆ ಒಂದು ಪಾವು ಸಾಕಿತ್ತು. ಲೆಕ್ಕ ತಪ್ಪಿಸಲಿಲ್ಲ.

ಭಾನುವಾರ ಬಿಸಿಲು ಜಗುಲಿ ಹತ್ತುವ ಮೊದಲೇ
ಬಾಗೇಪಲ್ಲಿ ಬಸ್ಸಿಳಿದ ಅಂಜಿನಮ್ಮತ್ತೆ ಬೀದಿಯಿಂದಲೇ
"ಇಂಕಾ ಮೊದಲುಪೆಟ್ಟಲೇದಾ?" ಎಂದು ತೆಲುಗಿನಲ್ಲಿ ಗದರಿ
ಕನ್ನಡದಲ್ಲಿ ಕಾಫಿ ಕೇಳುತ್ತಾಳೆ.
ರಾತ್ರಿಯಿಡೀ ನೆಂದ ಕಾಳು ಕೊಪ್ಪರಿಗೆಯಲ್ಲಿ ಊದಿಕೊಂಡಿದೆ.
ಸುತ್ತ ಮೂವತ್ತು ಮಂಡಿ. ಹೆಬ್ಬೆರಳು, ತೋರುಬೆರಳು, ಒಂದು ಒತ್ತು,
ಪುಳಕ್ಕನೆ ಹಸಿರು ಬೇಳೆ ಆಚೆ, ಸಿಪ್ಪೆ ಈಚೆ.
ಮಾತು ಯಾರದು ಎಲ್ಲಿ ಶುರುವಾಯಿತೋ, ಯಾರದು ಎಲ್ಲಿ ಮುಗಿಯಿತೋ.

ಮಾಲೂರಿನ ಗಂಗುಲಪ್ಪ, ಅವನ ತಮ್ಮ ಚೌಡಪ್ಪ,
ಒಂದು ಚರಂಡಿ ಪೈಪಿನ ದೆಸೆಯಿಂದ ಮಾತು ಬಿಟ್ಟು ಮೂರು ವರ್ಷ.
ಬೇರೆ ಬೇರೆ ಬಸ್ಸಿಗೆ ಬಂದು, ಕೊಪ್ಪರಿಗೆಯ
ಆ ದಡದಲ್ಲೊಬ್ಬ, ಈ ದಡದಲ್ಲೊಬ್ಬ.
ಯಾವ ಮಗುವಿನ ಬೆರಳು ಜಾರಿತೋ,
ಒಂದು ಬೇಳೆ ಹಾರಿ ಗಂಗುಲಪ್ಪನ ಕನ್ನಡಕಕ್ಕೆ ಟಪ್ಪೆಂದಿತು.
ಒರೆಸಲಿಲ್ಲ ಅವನು. ನಿಧಾನವಾಗಿ ಇನ್ನೊಂದು ಕಾಳೆತ್ತಿ
ಗುರಿಯಿಟ್ಟು ತಮ್ಮನ ಬೋಳುತಲೆಗೆ ಹಿತುಕಿದ.
ಆಮೇಲಿನ ಹತ್ತು ನಿಮಿಷ ಸಾರಿಗೆ ನಷ್ಟವೇ.
ಗೋಡೆ, ಗಡಿಯಾರ, ಅಂಜಿನಮ್ಮತ್ತೆಯ ತುರುಬು,
ಎಲ್ಲೆಲ್ಲೂ ಬೇಳೆ. ಅಣ್ಣ ತಮ್ಮ ಮಾತಾಡಿದರೇ?
ಇಲ್ಲ. ಮಾತಿನ್ನೂ ಆಗಿಲ್ಲ. ಕಾಳು ಆಯಿತು.

ಮುದ್ದೆ ಕಟ್ಟುವವರು ಕಟ್ಟಿದರು. ಸಾರು ಕುದಿಯುವಾಗ
ಬೀದಿಯ ಆ ಕೊನೆಯ ನಾಯಿಗೂ ನಮ್ಮ ಸುದ್ದಿ ತಿಳಿದಿತ್ತು.
ಒಂದೂವರೆಗೆ ಚಾಂದ್‌ಪಾಷ, ಮಗಳ ಕೈ ಹಿಡಿದು, ಬಾಗಿಲಲ್ಲಿ:
"ಬಾ ಅಂದ್ರಲ್ಲಕ್ಕ."
ಅಂದಿದ್ದೆ, ಚಿಲ್ಲರೆ ಎಣಿಸುತ್ತ. ನನಗೇ ಮರೆತಿತ್ತು.
ಪಾತ್ರೆಗೆ ಮರೆತಿರಲಿಲ್ಲ.

ಸೋಮವಾರ ಬ್ಯಾಂಕಿನ ಕೌಂಟರು. ಹೆಬ್ಬೆರಳಿನ್ನೂ ಸುಕ್ಕು,
ಮೂರು ಸಲ ಸೋಪು ಹಾಕಿದರೂ ಸೊಗಡು ಹೋಗಿಲ್ಲ.
ಪಿಂಚಣಿಯ ತಾತ ಪಾಸ್‌ಬುಕ್ಕು ಈಸಿಕೊಂಡು ಮೂಸಿ ನೋಡಿ
ಕಣ್ಣು ಕಿರಿದು ಮಾಡಿದ: "ನಿನ್ನೆ ನಿಮ್ಮನೇಲಿ...?"
ಹೂಂ ತಾತ. ಮುಂದಿನ ವರ್ಷ ಬಂದುಬಿಡಿ.
ಹಿತುಕೋಕೆ ಬರುತ್ತೆ ತಾನೆ?